ಆರ್ಕುಟ್‌ನಲ್ಲಿ ಕಳೆದುಹೋದ ಒಂದು ರಾತ್ರಿ

2006ರ ಏಪ್ರಿಲ್ 12, ಬುಧವಾರ. ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಊಟ ಮುಗಿಸಿ ಬಂದು ಕೂತಿದ್ದೆ. ಅರಸೀಕೆರೆಯಿಂದ ಅಮ್ಮನ ಫೋನು. ಆಫೀಸಿನ ಹೊತ್ತಿನಲ್ಲಿ ಅಮ್ಮ ಎಂದೂ ಫೋನ್ ಮಾಡಿದವಳಲ್ಲ. "ರಾಜ್‌ಕುಮಾರ್ ಹೋಗ್ಬಿಟ್ರಂತೆ ಕಣೇ" ಅಂದಳು, ಅಷ್ಟೇ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಪಕ್ಕದ ಮೇಜಿನ ನಾಗಪುರದ ಹುಡುಗ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. "ಆತ ಸತ್ತು ಹತ್ತು ವರ್ಷ ಆಯ್ತಲ್ಲ?" ಅಂದ. ಅವನು ಹೇಳಿದ್ದು ಹಿಂದಿಯ ರಾಜ್‌ಕುಮಾರ್ ಬಗ್ಗೆ. ಅವನದೇನೂ ತಪ್ಪಿಲ್ಲ. ಆದರೆ ಆ ಇಡೀ ಮಹಡಿಯಲ್ಲಿ ನಾನೊಬ್ಬಳೇ ಇದ್ದೇನೆ ಅನ್ನಿಸಿದ್ದು ಆಗಲೇ.

ಆಫೀಸಿನಲ್ಲಿ ಆರ್ಕುಟ್ ತೆರೆಯುತ್ತಿರಲಿಲ್ಲ, ತಡೆ ಹಾಕಿದ್ದರು. ಸಂಜೆ ಕಂಪನಿ ಬಸ್ಸಿನಿಂದ ಔಂಧ್‌ನಲ್ಲಿ ಇಳಿದವಳು ಪಿಜಿಗೂ ಹೋಗದೆ ನೇರ ಸೈಬರ್ ಕೆಫೆಗೆ ಹೋದೆ. ಮಾಲೀಕ ಬಾಗಿಲು ಹಾಕುವ ತನಕ ಅಲ್ಲಿದ್ದೆ. ಟಿವಿಯಲ್ಲಿ ಬೆಂಗಳೂರು ಉರಿಯುತ್ತಿತ್ತು. ನಾನು ಸದಸ್ಯೆಯಾಗಿದ್ದ ಕನ್ನಡ ಸಿನಿಮಾ ಸಮುದಾಯದಲ್ಲಿ ಆ ರಾತ್ರಿ ಒಂದೇ ಒಂದು ಎಳೆ ಮೇಲೆ ನಿಂತಿತ್ತು. ಪುಣೆ, ಹೈದರಾಬಾದ್, ಚೆನ್ನೈ, ನ್ಯೂಜೆರ್ಸಿಯಲ್ಲಿದ್ದವರು ಅವರ ಯಾವ ಸಿನಿಮಾವನ್ನು, ಯಾವ ಊರಿನ ಯಾವ ಟಾಕೀಸಿನಲ್ಲಿ, ಯಾರ ಜೊತೆ ಮೊದಲು ನೋಡಿದೆವು ಅಂತ ಬರೆಯುತ್ತಾ ಹೋದರು. ಅಳುವ ಚಿಹ್ನೆಗಳು ಕಡಿಮೆ ಇದ್ದವು, ಕಥೆಗಳೇ ಜಾಸ್ತಿ.

ಈ ಲೇಖನ ಬರೆಯಲು ಕಾರಣ ಆ ಎಳೆ ಈಗ ಎಲ್ಲೂ ಇಲ್ಲದಿರುವುದು. ಕನ್ನಡ ಚಿತ್ರರಂಗದ ಚರಿತ್ರೆ ಬರೆದವರಿದ್ದಾರೆ, ನಟರ ಜೀವನಚರಿತ್ರೆಗಳಿವೆ. ಆದರೆ ಅಭಿಮಾನಿಗಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು, ಆ ಮಾತು ಕೂತ ಜಾಗಕ್ಕೆ ತಕ್ಕಂತೆ ಹೇಗೆ ಬದಲಾಗುತ್ತಾ ಬಂತು ಅನ್ನುವುದನ್ನು ಯಾರೂ ಬರೆದಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಚರಿತ್ರೆ ಓದಿದವಳಲ್ಲ, ಇಪ್ಪತ್ತು ವರ್ಷ ಈ ಗುಂಪುಗಳಲ್ಲಿ ಕೂತು ಎದ್ದವಳು. ನೋಡಿದ್ದನ್ನು ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ. ನನ್ನ ಸೋದರಮಾವ ಅರಸೀಕೆರೆಯಲ್ಲಿ ರಾಜ್‌ಕುಮಾರ್ ಅಭಿಮಾನಿಗಳ ಸಂಘವೊಂದರ ಕಾರ್ಯದರ್ಶಿಯಾಗಿದ್ದರು. ಸಂಘ ಅಂದರೆ ಒಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಒಂದು ರಸೀತಿ ಪುಸ್ತಕ, ಒಂದು ರಬ್ಬರ್ ಸ್ಟಾಂಪು. ಸ್ಟಾಂಪು ಮಾವನ ಟ್ರಂಕಿನಲ್ಲಿ ಈಗಲೂ ಇದೆ. ಹೊಸ ಸಿನಿಮಾ ಬಂದರೆ ಟಾಕೀಸಿನ ಮುಂದೆ ತೋರಣ, ಕಟೌಟಿಗೆ ಹಾರ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ. 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಊರೂರಿನ ಸಂಘಗಳು ರಾತ್ರೋರಾತ್ರಿ ಭಾಷಾ ಸಂಘಟನೆಗಳಾಗಿ ಬದಲಾದವು. ಅದಕ್ಕೆ ಬೇಕಾದ ಪಟ್ಟಿ, ವಿಳಾಸ, ಚಂದಾ ಎಲ್ಲ ಮೊದಲೇ ತಯಾರಿತ್ತು. ಸಂಘದೊಳಗೆ ಮಾತು ಹೇಗಿತ್ತು? ಮಾವನನ್ನು ಕೇಳಿದರೆ, "ಮಾತೇನು, ಕೆಲಸ ಹಂಚ್ಕೊಳ್ಳೋದು" ಅನ್ನುತ್ತಾರೆ. ಸಿನಿಮಾ ಬಗ್ಗೆ ಯೋಚಿಸಿ ಬರೆಯಬೇಕು ಅನ್ನುವವರು 'ರೂಪತಾರಾ', 'ವಿಜಯಚಿತ್ರ'ಗಳ ಓದುಗರ ಅಂಕಣಕ್ಕೆ ಕಾರ್ಡು ಬರೆಯುತ್ತಿದ್ದರು. ಸಂಘದ ಗಂಡಸರು ಟಾಕೀಸಿನ ಮುಂದೆ, ಪತ್ರ ಬರೆಯುವ ಹೆಂಗಸರು ಮತ್ತು ಕಾಲೇಜು ಹುಡುಗರು ಪತ್ರಿಕೆಯ ಒಳಗೆ. ಇಬ್ಬರೂ ಒಂದೇ ನಟನ ಅಭಿಮಾನಿಗಳು, ಆದರೆ ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ನನ್ನ ಚಿಕ್ಕಮ್ಮ ಟಾಕೀಸಿನ ಮುಂದಿನ ಆ ಗುಂಪಿನಲ್ಲಿ ನಿಲ್ಲುವುದನ್ನು ಯಾರೂ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ, ಕಾರ್ಡು ಮಾತ್ರ ತಪ್ಪದೆ ಬರೆಯುತ್ತಿದ್ದಳು.

ಈ ಎರಡೂ ಗುಂಪನ್ನು ಮೊದಲ ಸಲ ಒಂದೇ ಕೋಣೆಯಲ್ಲಿ ಕೂರಿಸಿದ್ದು ಆರ್ಕುಟ್ ಅಂತ ನನ್ನ ಅಭಿಪ್ರಾಯ. 2004ರ ಜನವರಿಯಲ್ಲಿ ಗೂಗಲ್‌ನ ಎಂಜಿನಿಯರೊಬ್ಬರು ಶುರುಮಾಡಿ, ತಮ್ಮ ಹೆಸರನ್ನೇ ಇಟ್ಟ ತಾಣ ಅದು. ಅಮೆರಿಕದಲ್ಲಿ ಅಷ್ಟಾಗಿ ಹತ್ತಲಿಲ್ಲ. ಬ್ರೆಜಿಲ್‌ನಲ್ಲೂ ನಮ್ಮಲ್ಲೂ ಕಾಡುಗಿಚ್ಚಿನ ಹಾಗೆ ಹಬ್ಬಿತು. ಮೊದಮೊದಲು ಒಳಗಿರುವವರು ಕರೆದರೆ ಮಾತ್ರ ಪ್ರವೇಶ. ಅಲ್ಲಿಯ 'ಕಮ್ಯುನಿಟಿ'ಗೆ ಒಬ್ಬ ಒಡೆಯ, ಅವನ ಕೈಕೆಳಗೆ ಮಾಡರೇಟರುಗಳು, ಒಂದು ಪ್ರವೇಶದ್ವಾರ, ಒಳಗೆ ವಿಷಯವಾರು ಎಳೆಗಳು. ಮಾವನ ಸಂಘಕ್ಕೂ ಇದಕ್ಕೂ ರಬ್ಬರ್ ಸ್ಟಾಂಪು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ಮಾಡರೇಟರ್ ಪಟ್ಟಕ್ಕಾಗಿ ಜಗಳ ಆಗುತ್ತಿದ್ದವು, ಸಮುದಾಯ ಒಡೆಯುತ್ತಿತ್ತು, ಒಡೆದವರು 'ನಿಜವಾದ' ಅಂತ ಹೆಸರಿಗೆ ಸೇರಿಸಿ ಹೊಸದು ಕಟ್ಟುತ್ತಿದ್ದರು. ಥೇಟ್ ಊರಿನ ಸಂಘದ ಹಾಗೆಯೇ.

ಮಾತಿನ ಮೇಲೆ ಪರಿಣಾಮ ಮಾಡಿದ್ದು ಎಳೆಯ ರಚನೆ. ಯಾರಾದರೂ ಉತ್ತರ ಬರೆದರೆ ಆ ಎಳೆ ಮತ್ತೆ ಮೇಲಕ್ಕೆ ಬರುತ್ತಿತ್ತು. ಆರು ತಿಂಗಳ ಹಿಂದಿನ ವಾದಕ್ಕೂ ಒಂದು ಹೊಸ ಉತ್ತರ ಬರೆದರೆ ಸಾಕು, ಮರುಜೀವ. 'ಅಣ್ಣಾವ್ರ ಹಾಸ್ಯ ಪಾತ್ರಗಳು' ಅಂತ ಒಂದು ಎಳೆ ಎರಡು ವರ್ಷ ನಡೆಯಿತು. ಲೈಕ್ ಇರಲಿಲ್ಲ. ನಿಮ್ಮ ಮಾತು ಯಾರಿಗಾದರೂ ಹಿಡಿಸಿದ್ದರೆ ಅವರು ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಹೇಳುವಾಗ ಇನ್ನೊಂದು ಮಾತು ಸೇರುತ್ತಿತ್ತು. ಮೇಲೆ ಕಾಣಬೇಕಾದರೆ ಮಾತಾಡಲೇಬೇಕು ಅನ್ನುವುದು ಅಲ್ಲಿನ ಕಟ್ಟಳೆ. ಯಾರೂ ಅದನ್ನು ಯೋಚಿಸಿ ಮಾಡಿದ್ದಲ್ಲ, ತಂತ್ರಾಂಶ ಹಾಗಿತ್ತು, ಅಷ್ಟೇ.

ಇನ್ನೊಂದು ವಿಷಯ ನನ್ನದೇ. ಆ ಸಮುದಾಯದಲ್ಲಿ ನನ್ನ ಹೆಸರು ಎರಡಕ್ಷರದ ಇನಿಷಿಯಲ್, ಚಿತ್ರ ಒಂದು ರೈಲ್ವೆ ಸ್ಟೇಷನ್ನಿನ ಬೋರ್ಡು. ಹಿಂದಿಯಲ್ಲೋ ಮರಾಠಿಯಲ್ಲೋ ಬರೆದಿದ್ದರೆ ಮೊದಲ ವಾಕ್ಯದಲ್ಲೇ ನಾನು ಹೆಂಗಸೆಂದು ಕ್ರಿಯಾಪದ ಹೇಳಿಬಿಡುತ್ತಿತ್ತು. ಕನ್ನಡದಲ್ಲಿ "ನೋಡಿದೆ", "ಅತ್ತೆ", "ಒಪ್ಪುವುದಿಲ್ಲ" ಅಂದರೆ ಹೇಳಿದವರು ಯಾರೆಂದು ಗೊತ್ತಾಗದು. ಒಂದೂವರೆ ವರ್ಷ ನಾನು ಅಲ್ಲಿ "ಗುರು", "ಮಗಾ" ಆಗಿದ್ದೆ. ಜಗಳಗಂಟಿ ಅಂತ ಹೆಸರು ಮಾಡಿದ್ದೆ. ಆಗ ಬಹುತೇಕರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದರು. ಬರಹ ತಂತ್ರಾಂಶ ಇದ್ದವರು ಕನ್ನಡ ಲಿಪಿಯಲ್ಲಿ ಬರೆದರೆ ಅರ್ಧ ಜನರ ಗಣಕದಲ್ಲಿ ಅದು ಬರೀ ಚೌಕಗಳಾಗಿ ಕಾಣುತ್ತಿತ್ತು. 'ಚೌಕ ಕವಿಗಳು' ಅಂತ ಅವರನ್ನು ರೇಗಿಸುತ್ತಿದ್ದೆವು.

ಅಲ್ಲಿ ಒಬ್ಬರಿದ್ದರು, ಹುಬ್ಬಳ್ಳಿಯವರು. ಹೆಸರು ಬೇಡ, ಹುಬ್ಬಳ್ಳಿಯವರು ಎಂದೇ ಕರೆಯುತ್ತೇನೆ. ಪುಣೆಯಲ್ಲೇ, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಸಮುದಾಯದಲ್ಲಿ ನನಗೆ ಅತಿ ಹೆಚ್ಚು ಎದುರುವಾದ ಹಾಕಿದವರು. "ಏನ್ ದೋಸ್ತ, ಇವತ್ತ ಬರೇ ತಪ್ಪs ಮಾತಾಡ್ಲಿಕ್ಕತ್ತೀಯಲ್ಲ" ಅಂತ ಶುರುಮಾಡುತ್ತಿದ್ದರು. 2006ರ ಡಿಸೆಂಬರ್ 29ಕ್ಕೆ 'ಮುಂಗಾರು ಮಳೆ' ಬಿಡುಗಡೆಯಾಯಿತು. ಬೆಂಗಳೂರಿನ ಸುದ್ದಿ ಕೇಳಿ ನಮಗೆ ಹೊಟ್ಟೆ ಉರಿಯುತ್ತಿತ್ತು. ಪುಣೆಯಲ್ಲಿ ಭಾನುವಾರ ಬೆಳಗಿನ ಒಂದೇ ಒಂದು ಆಟ ಹಾಕಿಸಲು ಟಾಕೀಸಿನವರನ್ನು ಒಪ್ಪಿಸುವ ಕೆಲಸವೆಲ್ಲ ಆರ್ಕುಟ್ ಎಳೆಯಲ್ಲೇ ನಡೆಯಿತು. ಯಾರು ಎಷ್ಟು ಟಿಕೆಟ್ ತಗೊಳ್ಳುತ್ತಾರೆ, ಯಾರ ಹತ್ತಿರ ದುಡ್ಡು ಕೊಡಬೇಕು, ಬಸ್ ಎಷ್ಟು ಹೊತ್ತಿಗೆ. ಆ ಭಾನುವಾರ ಟಾಕೀಸಿನ ಮುಂದೆ ಟಿಕೆಟ್ ಹಂಚುತ್ತಿದ್ದ ಗಡ್ಡದ ಮನುಷ್ಯನ ಮುಂದೆ ನಿಂತು ನನ್ನ ಇನಿಷಿಯಲ್ ಹೇಳಿದೆ. ಆತ ಪಟ್ಟಿ ನೋಡಿದರು, ನನ್ನ ನೋಡಿದರು, ಮತ್ತೆ ಪಟ್ಟಿ ನೋಡಿದರು. "ಅಕ್ಕಾರs, ನೀವಾ!" ಅಂದರು. ಮುಂದಿನ ವಾರದಿಂದ ಸಮುದಾಯದಲ್ಲೂ "ಅಕ್ಕಾರ" ಆದೆ. ವಾದ ಮಾತ್ರ ಕಡಿಮೆಯಾಗಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ, ಯಾಕೆಂದರೆ ಬೇರೆ ಎಷ್ಟೋ ಜನ ಅಂದಿನಿಂದ ನನ್ನೊಡನೆ ವಾದ ಮಾಡುವುದನ್ನೇ ನಿಲ್ಲಿಸಿ, "ಚೆನ್ನಾಗಿ ಬರೀತೀರಿ ಮೇಡಂ" ಅನ್ನತೊಡಗಿದ್ದರು.

ಆರ್ಕುಟ್ ಸ್ವರ್ಗವಾಗಿತ್ತು ಅಂತ ಹೇಳುತ್ತಿಲ್ಲ. ತಮಿಳರನ್ನು ಬೈಯಲೆಂದೇ ಇದ್ದ ಕನ್ನಡ ಸಮುದಾಯಗಳೂ, ನಮ್ಮನ್ನು ಬೈಯಲೆಂದೇ ಇದ್ದ ಸಮುದಾಯಗಳೂ ಇದ್ದವು. ಹೆಸರಿಲ್ಲದೆ ಬರೆಯಲು ಅವಕಾಶವಿದ್ದ ಕಡೆ ಜಾತಿಯ ಮಾತು ಬರಲು ಎರಡು ನಿಮಿಷ ಸಾಕಿತ್ತು. ಪುಣೆಯಲ್ಲಿದ್ದ ನಮಗೆ ಅದರ ಬಿಸಿ ಬೇರೆ ರೀತಿಯಲ್ಲೂ ತಟ್ಟಿತು. 2006ರ ನವೆಂಬರಿನಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸಿದ್ದಾರೆಂದು ಈ ಊರಿನ ಸೈಬರ್ ಕೆಫೆಗಳ ಮೇಲೆ ದಾಳಿ ನಡೆಯಿತು. ಮರುವರ್ಷ ಅಂಥದೇ ಆರೋಪದಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರನ್ನು ಪುಣೆ ಪೊಲೀಸರು ಬಂಧಿಸಿ ತಂದರು. ಸುಮಾರು 50 ದಿನ ಜೈಲಿನಲ್ಲಿಟ್ಟ ಮೇಲೆ ಗೊತ್ತಾಯಿತು, ಐಪಿ ವಿಳಾಸವೇ ತಪ್ಪು, ಅದು ಅವರದಲ್ಲ ಅಂತ. ಅವರಿಗೂ ನಮಗೂ ಪರಿಚಯವಿರಲಿಲ್ಲ. ಆದರೆ ಆ ವಾರ ನಮ್ಮ ಸಮುದಾಯದ ಮಾಡರೇಟರುಗಳು ಹೆದರಿ ಹಳೆಯ ಎಳೆಗಳನ್ನು ಅಳಿಸುತ್ತಾ ಕೂತರು. 'ಮಯೂರ' ಸಿನಿಮಾದ ಚರ್ಚೆಯೂ ಹೋಯಿತು, ಅದರಲ್ಲಿ ಯಾವನೋ ರಾಜಮಹಾರಾಜರ ಹೋಲಿಕೆ ಮಾಡಿದ್ದನಂತೆ.

2009, 2010ರ ಹೊತ್ತಿಗೆ ಎಲ್ಲರೂ ಫೇಸ್‌ಬುಕ್ಕಿಗೆ ಹೊರಟರು. ಯಾರೂ ಗಂಟೆ ಬಾರಿಸಿ ಹೊರಟಿದ್ದಲ್ಲ. ಒಂದು ದಿನ ಸಮುದಾಯಕ್ಕೆ ಹೋದರೆ ಮೂರು ದಿನದಿಂದ ಯಾರೂ ಮಾತಾಡಿರಲಿಲ್ಲ. ಜಾತ್ರೆ ಮುಗಿದ ಬಯಲಿನ ಹಾಗೆ. ಫೇಸ್‌ಬುಕ್ಕಿನಲ್ಲಿ ನಾವು ಒಂದು ಜಾಗಕ್ಕೆ ಹೋಗಿ ಮಾತಾಡುವ ಬದಲು ಮಾತು ನಮ್ಮ ಗೋಡೆಗೆ ಬರತೊಡಗಿತು. ಯಾವುದು ಬರಬೇಕು ಅನ್ನುವುದನ್ನು ಬೇರೆ ಯಾರೋ ನಿರ್ಧರಿಸುತ್ತಿದ್ದರು. 2009ರಲ್ಲಿ ಲೈಕ್ ಬಟನ್ ಬಂತು. ಒಪ್ಪಿದವರು ಒತ್ತಿ ಹೋದರು, ಒಪ್ಪದವರು ಮಾತ್ರ ಬರೆದರು. ಕಾಮೆಂಟುಗಳಲ್ಲಿ ಜಗಳವೇ ಹೆಚ್ಚಾಯಿತು ಅಂತ ನಾವೆಲ್ಲ ಗೊಣಗುತ್ತಿದ್ದೆವು. ಒಪ್ಪಿಗೆಯೆಲ್ಲ ಸಂಖ್ಯೆಯಾಗಿ ಮೇಲೆ ಕೂತಮೇಲೆ ಕೆಳಗೆ ಉಳಿಯುವುದು ಇನ್ನೇನು?

ಇನ್ನೊಂದು ಬದಲಾವಣೆ ನಿಜವಾದ ಹೆಸರಿನದು. ಫೇಸ್‌ಬುಕ್ಕಿನಲ್ಲಿ ನನ್ನ ಅತ್ತೆ, ನನ್ನ ಮ್ಯಾನೇಜರು, ಹಳೆಯ ಮೇಷ್ಟರು ಎಲ್ಲರೂ ಇದ್ದರು. ನಾನು ಜಗಳಗಂಟಿಯಾಗಿ ಉಳಿಯುವ ಹಾಗಿರಲಿಲ್ಲ.

ಹಾಗಂತ ಅದು ಏನೂ ಕೊಡಲಿಲ್ಲ ಅನ್ನಲಾಗದು. 2011ರಲ್ಲಿ 'ಲೈಫು ಇಷ್ಟೇನೆ' ಮಾಡಿದ ಪವನ್ ಕುಮಾರ್ ಮುಂದಿನ ಚಿತ್ರಕ್ಕೆ ನಿರ್ಮಾಪಕರು ಸಿಗದೆ ತಮ್ಮ ಬೇಸರವನ್ನು ಬ್ಲಾಗಿನಲ್ಲಿ ಬರೆದುಕೊಂಡರು. ಅದು ಫೇಸ್‌ಬುಕ್ಕಿನಲ್ಲಿ ಕೈಯಿಂದ ಕೈಗೆ ಹೋಯಿತು. ಜನ ನಾವೇ ದುಡ್ಡು ಹಾಕುತ್ತೇವೆ ಅಂದರು. 27 ದಿನಗಳಲ್ಲಿ ಸುಮಾರು 110 ಜನರಿಂದ 50 ಲಕ್ಷ ರೂಪಾಯಿ ಸೇರಿತು. 'ಲೂಸಿಯಾ' 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಸೆಪ್ಟೆಂಬರಿನಲ್ಲಿ ಇಲ್ಲಿ ಬಿಡುಗಡೆಯಾಯಿತು. ನಾನು ದುಡ್ಡು ಹಾಕಲಿಲ್ಲ, ಹಾಕಬೇಕೆಂದು ಯೋಚಿಸುತ್ತಿದ್ದಾಗಲೇ ಮುಗಿದುಹೋಗಿತ್ತು. ಹುಬ್ಬಳ್ಳಿಯವರು ಈ ವಿಷಯದಲ್ಲೂ ಭಿನ್ನಮತದವರು. "ದುಡ್ಡ ಹಾಕಿದಾಂವ ಅಭಿಮಾನಿ ಅಲ್ರೀ, ಪಾಲುದಾರ. ಪಾಲುದಾರ ಸಿನಿಮಾ ಛಲೋ ಇಲ್ಲ ಅಂತ ಅಂತಾನೇನು?" ಅಂತ ಕೇಳಿದ್ದರು. ಸಿನಿಮಾ ಚೆನ್ನಾಗಿತ್ತು, ಆದ್ದರಿಂದ ಆ ಪ್ರಶ್ನೆ ಹಾಗೇ ಉಳಿಯಿತು. 2015ರ ಜುಲೈ 3ಕ್ಕೆ ಬಂದ 'ರಂಗಿತರಂಗ'ವನ್ನು ಮರುವಾರವೇ 'ಬಾಹುಬಲಿ'ಗಾಗಿ ಕೆಲವು ಮಲ್ಟಿಪ್ಲೆಕ್ಸ್‌ಗಳು ಎತ್ತಿಹಾಕಿದಾಗ ಎದ್ದ ಗಲಾಟೆ ಕೂಡ ಅಭಿಮಾನಿ ಸಂಘಗಳಿಂದ ಬಂದದ್ದಲ್ಲ. ಆ ಚಿತ್ರದಲ್ಲಿ ದೊಡ್ಡ ತಾರೆಯೇ ಇರಲಿಲ್ಲ, ಸಂಘ ಎಲ್ಲಿಂದ ಬರಬೇಕು? ಒಂದು ಸಿನಿಮಾದ ಅಭಿಮಾನಿ ಅನ್ನುವ ಹೊಸ ಜಾತಿ ಹುಟ್ಟಿದ್ದು ಆ ಹೊತ್ತಿನಲ್ಲಿ, ಆ ಗೋಡೆಗಳ ಮೇಲೆ.

ಟ್ವಿಟರ್ ಬಗ್ಗೆ ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ. 140 ಅಕ್ಷರದ ಮಿತಿ ಕನ್ನಡಕ್ಕೆ ಇನ್ನೂ ಬಿಗಿ. ನಮ್ಮ ಒತ್ತು, ಗುಣಿತ ಎಲ್ಲವನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. 'ಕ್ರಿ' ಅಂತ ಒಂದಕ್ಷರ ಬರೆದರೆ ಅದರ ಲೆಕ್ಕದಲ್ಲಿ ನಾಲ್ಕು. 2017ರಲ್ಲಿ ಮಿತಿ 280 ಆಯಿತು, ಅಷ್ಟರಲ್ಲಿ ಅಭ್ಯಾಸ ಕೂತಾಗಿತ್ತು. ಅಭ್ಯಾಸ ಅಂದರೆ ಹ್ಯಾಷ್‌ಟ್ಯಾಗ್, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಟ್ರೆಂಡಿಂಗ್ ಪಟ್ಟಿಯ ಲೆಕ್ಕಾಚಾರದಲ್ಲಿ ಒಟ್ಟು ಎಷ್ಟು ಮಾತು ಬಂತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದಕ್ಕೆ ತೂಕ ಹೆಚ್ಚು. ದಿನವಿಡೀ ನಿಧಾನ ಮಾತಾಡಿದರೆ ಪಟ್ಟಿಗೆ ಬರದು, ಒಂದೇ ನಿಮಿಷದಲ್ಲಿ ಎಲ್ಲರೂ ಕೂಗಬೇಕು. ಅಭಿಮಾನಿಗಳು ಇದನ್ನು ಬೇಗ ಕಲಿತರು. ನಟನ ಹುಟ್ಟುಹಬ್ಬಕ್ಕೆ ಮೊದಲೇ ಪ್ರಕಟಣೆ: ಸಂಜೆ 6ಕ್ಕೆ ಟ್ಯಾಗ್ ಹೊರಬರುತ್ತದೆ, ಅಲ್ಲಿಯವರೆಗೆ ಯಾರೂ ಬಳಸಬಾರದು, ಎಲ್ಲರೂ ಒಂದೇ ಡಿಪಿ ಹಾಕಬೇಕು. ಟ್ವೀಟುಗಳನ್ನು ಮೊದಲೇ ಬರೆದು ಹಂಚುತ್ತಿದ್ದರು, ನಕಲು ಮಾಡಿ ಅಂಟಿಸಿದರೆ ಆಯಿತು.

ನಾನೂ ಅಂಟಿಸಿದೆ. 2017ರ ಸುಮಾರಿಗೆ ಒಂದು ಸಂಜೆ ಅಲಾರಾಂ ಇಟ್ಟುಕೊಂಡು, ಮಗಳಿಗೆ ಊಟ ಹಾಕುವುದನ್ನು ಅರ್ಧ ಗಂಟೆ ಮುಂದೂಡಿ, ನೂರಾರು ಟ್ವೀಟು ಒಗೆದೆ. ತಮಿಳು ನಟರೊಬ್ಬರ ಟ್ಯಾಗನ್ನು ಹಿಂದಿಕ್ಕಿ ನಮ್ಮದು ಭಾರತದ ಪಟ್ಟಿಯಲ್ಲಿ ಮೇಲೆ ಬಂತು. ಖುಷಿಯಾಗಿದ್ದು ಸುಳ್ಳಲ್ಲ. ಹೊರನಾಡಿನಲ್ಲಿದ್ದವರಿಗೆ ಅದರ ರುಚಿ ಬೇರೆ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲದ ನಮ್ಮ ನಟನ ಹೆಸರು ಅವರ ಫೋನಿನಲ್ಲೂ ಕಾಣುತ್ತದಲ್ಲ! ಮಲಗುವ ಮುಂಚೆ ನನ್ನದೇ ಟ್ವೀಟುಗಳನ್ನು ಓದಿದೆ. ಅಷ್ಟರಲ್ಲಿ ಒಂದರಲ್ಲೂ ನಾನು ಏನನ್ನೂ ಹೇಳಿರಲಿಲ್ಲ. ಆ ನಟನ ಒಂದು ಸಿನಿಮಾದ ಹೆಸರು ಕೂಡ ಇರಲಿಲ್ಲ. ಮಾವನ ಸಂಘದವರು ಕಟೌಟಿಗೆ ಹಾರ ಹಾಕುತ್ತಿದ್ದರು, ಹಾರ ಹಾಕುವಾಗ ಯಾರೂ ವಿಮರ್ಶೆ ಮಾಡುವುದಿಲ್ಲ ನಿಜ. ಆದರೆ ಇಲ್ಲಿ ಹಾರ ಹಾಕುವುದನ್ನು ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ. ಯೂಟ್ಯೂಬಿನದೂ ಇದೇ ಕಥೆ. 2021ರ ಜನವರಿ 7ರ ರಾತ್ರಿ, ಸೋರಿಕೆಯಾದ ಕಾರಣ ಹೇಳಿದ ಹೊತ್ತಿಗಿಂತ ಮೊದಲೇ, 'ಕೆಜಿಎಫ್ 2' ಟೀಸರ್ ಬಂತು. ಎರಡು ದಿನದೊಳಗೆ ಹತ್ತು ಕೋಟಿ ವೀಕ್ಷಣೆ. ಕೆಳಗಿನ ಕಾಮೆಂಟುಗಳಲ್ಲಿ ಅರ್ಧಕ್ಕರ್ಧ ಆ ಸಂಖ್ಯೆಯ ಬಗ್ಗೆಯೇ.

ವಾಟ್ಸ್ಯಾಪ್ ಬಗ್ಗೆ ನಿಮಗೆ ಹೇಳಬೇಕಾದ್ದಿಲ್ಲ, ನೀವೂ ಹತ್ತು ಗುಂಪಿನಲ್ಲಿದ್ದೀರಿ.

ಆದರೆ 2021ರ ಅಕ್ಟೋಬರ್ 29ರ ಬಗ್ಗೆ ಹೇಳಬೇಕು. ಶುಕ್ರವಾರ. ಮನೆಯಿಂದಲೇ ಕೆಲಸ. ಮಧ್ಯಾಹ್ನದೊಳಗೆ ಮೂರು ಗುಂಪುಗಳಲ್ಲಿ ಮೂರು ಸುದ್ದಿ ಬಂದವು: ಪುನೀತ್‌ಗೆ ಎದೆನೋವು, ಪುನೀತ್ ಚೇತರಿಸಿಕೊಳ್ಳುತ್ತಿದ್ದಾರೆ, ಪುನೀತ್ ಇಲ್ಲ. ಮೂರೂ ಫಾರ್ವರ್ಡ್ ಆದವು, ಯಾವುದಕ್ಕೂ ಬರೆದವರಿಲ್ಲ. 46ನೇ ವಯಸ್ಸು. ಈ ಸಲ ಅಮ್ಮ ಫೋನ್ ಮಾಡಲಿಲ್ಲ, ಫಾರ್ವರ್ಡ್ ಮಾಡಿದ್ದಳು. ನಾನು ಟ್ವಿಟರ್ ತೆರೆದೆ. ಅಂದು ಬೆಳಿಗ್ಗೆಯೇ ಪುನೀತ್ ಅಣ್ಣನ 'ಭಜರಂಗಿ 2' ತಂಡಕ್ಕೆ ಶುಭ ಹಾರೈಸಿ ಟ್ವೀಟ್ ಮಾಡಿದ್ದರು. ಅದರ ಕೆಳಗೆ ಸಿನಿಮಾಕ್ಕೆ ಜೈ ಅಂದವರ ಸಾಲು, ಆಮೇಲೆ "ನಿಜಾನಾ?" ಅನ್ನುವ ಸಾಲು, ಆಮೇಲೆ ಅಳು. ಒಂದೇ ಪುಟದಲ್ಲಿ, ಮೇಲಿನಿಂದ ಕೆಳಕ್ಕೆ, ಒಂದು ನಾಡಿನ ಅರ್ಧ ದಿನ. ಟ್ವಿಟರ್ ಏನೇ ಮಾಡಿರಲಿ, ಅಂಥ ಒಂದು ದಾಖಲೆ ಆರ್ಕುಟ್‌ನಲ್ಲಿ ಸಿಗುತ್ತಿರಲಿಲ್ಲ, ಯಾಕೆಂದರೆ ನಟ ಸ್ವತಃ ಅಲ್ಲಿರಲಿಲ್ಲ.

ಸಂಜೆಗೆ ಇನ್‌ಸ್ಟಾಗ್ರಾಂ ಸ್ಟೋರಿಗಳಲ್ಲಿ ಅದೇ ಕಪ್ಪು ಬಿಳುಪು ಚಿತ್ರ, ಒಬ್ಬರಾದ ಮೇಲೊಬ್ಬರು. 24 ಗಂಟೆ ಕಳೆದರೆ ತಾನಾಗಿ ಮಾಯವಾಗುವ ಶೋಕ. ನಾನು ಹುಡುಕುತ್ತಿದ್ದುದು ಬೇರೆಯದನ್ನು: 'ಬೆಟ್ಟದ ಹೂವು' ಮೊದಲು ಎಲ್ಲಿ ನೋಡಿದಿರಿ, ಯಾರ ಜೊತೆ, ಅಂತ ಯಾರಾದರೂ ಕೇಳುತ್ತಾರಾ ಅಂತ. ಕೊನೆಗೆ ನಾನೇ ನಮ್ಮ ಪುಣೆ ಗುಂಪಿನಲ್ಲಿ ಕೇಳಿದೆ. ಒಬ್ಬರು ಉತ್ತರ ಬರೆಯಲು ಶುರುಮಾಡಿದರು, "ಟೈಪಿಂಗ್" ಅಂತ ಕಾಣುತ್ತಿತ್ತು. ಅಷ್ಟರಲ್ಲಿ ಹದಿನೇಳು ಫಾರ್ವರ್ಡುಗಳು ಬಂದು ನನ್ನ ಪ್ರಶ್ನೆ ಮೇಲಕ್ಕೆ ಹೋಗಿ ಕಾಣದಾಯಿತು. ಆರ್ಕುಟ್‌ನಲ್ಲಿ ಉತ್ತರ ಬಂದ ಮಾತು ಮೇಲೇರುತ್ತಿತ್ತು. ಇಲ್ಲಿ ಎಲ್ಲ ಮಾತೂ ಒಂದೇ ಹೊಳೆ, ಹೊಸದು ಬಂದಂತೆ ಹಳೆಯದನ್ನು ಕೊಚ್ಚಿಕೊಂಡು ಹೋಗುತ್ತದೆ.

ಹುಬ್ಬಳ್ಳಿಯವರು ಇದ್ದಿದ್ದರೆ ಉತ್ತರಿಸುತ್ತಿದ್ದರು. ಅವರು ಅದೇ ವರ್ಷ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಪುಣೆಯಲ್ಲೇ ತೀರಿಕೊಂಡಿದ್ದರು.

ರೀಲ್ಸ್ ಬಂದ ಮೇಲಿನ ಕಾಲ ನನ್ನ ಮಗಳದು. ಟಿಕ್‌ಟಾಕ್ ನಿಷೇಧವಾದ ಮರುವಾರವೇ, 2020ರ ಜುಲೈನಲ್ಲಿ, ಭಾರತಕ್ಕೆ ರೀಲ್ಸ್ ಬಂತು. ಅಲ್ಲಿ ಚಲಾವಣೆಯಲ್ಲಿರುವುದು ಮಾತಲ್ಲ, ಧ್ವನಿಯ ತುಣುಕು. ಅದರ ಅಪಾಯ 'ಕಾಂತಾರ'ದಲ್ಲಿ ಕಾಣಿಸಿತು. 2022ರ ಸೆಪ್ಟೆಂಬರ್ 30ಕ್ಕೆ ಚಿತ್ರ ಬಂದಾಗ ನನ್ನ ಮರಾಠಿ ಸಹೋದ್ಯೋಗಿಗಳು ಹಿಂದಿ ಡಬ್ಬಿಂಗ್ ಬರುವುದಕ್ಕೂ ಕಾಯದೆ ಕನ್ನಡದಲ್ಲೇ ನೋಡಿ ಬಂದರು. ಹದಿನಾರು ವರ್ಷದ ಹಿಂದೆ ನಾಗಪುರದ ಹುಡುಗ ಕೇಳಿದ್ದು ನೆನಪಾಗಿ ಎದೆ ಉಬ್ಬಿತು. ಆದರೆ ದೈವದ ಕೂಗನ್ನು ಕತ್ತರಿಸಿ ತೆಗೆದು ಅದಕ್ಕೆ ಜನ ಅಡುಗೆಮನೆಯಲ್ಲಿ, ಮಾಲ್‌ನಲ್ಲಿ ಕುಣಿಯತೊಡಗಿದರು. ತುಳುನಾಡಿನ ಗೆಳತಿಯೊಬ್ಬಳು ಅದನ್ನು ನೋಡಿ ಊಟ ಬಿಟ್ಟಳು. ಮುಂದೆ 2025ರಲ್ಲಿ ಎರಡನೆಯ ಚಿತ್ರ ಬಂದಾಗ ದೈವವನ್ನು ಅನುಕರಿಸಬೇಡಿ ಅಂತ ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಕುಣಿದವರು ಕೆಟ್ಟವರಲ್ಲ, ಅವರಿಗೆ ಆ ಧ್ವನಿ ತಲುಪುವ ಹೊತ್ತಿಗೆ ಅದರ ಹಿಂದುಮುಂದು ಉದುರಿಹೋಗಿತ್ತು.

ಇನ್‌ಸ್ಟಾಗ್ರಾಂನ ಇನ್ನೊಂದು ಬಾಗಿಲು ಹಿತ್ತಲಿನದು. 2025ರ ಜುಲೈನಲ್ಲಿ ನಟಿ ರಮ್ಯಾ ಅಶ್ಲೀಲ ಸಂದೇಶ, ಬೆದರಿಕೆಗಳ ಬಗ್ಗೆ 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು. ಕಳುಹಿಸಿದವರು ತಮ್ಮನ್ನು ಒಬ್ಬ ನಟನ ಅಭಿಮಾನಿಗಳೆಂದು ಕರೆದುಕೊಂಡವರು. ಆರ್ಕುಟ್‌ನಲ್ಲೂ ಹೆಂಗಸರಿಗೆ ಹೊಲಸು ಬರೆಯುವವರಿದ್ದರು, ನನಗೂ ಬರೆದಿದ್ದಾರೆ. ಆದರೆ ಆ ಕಾಲದಲ್ಲಿ ಸ್ಕ್ರ್ಯಾಪ್‌ಬುಕ್ ಮನೆಯ ಜಗಲಿಯ ಹಾಗೆ. ನನ್ನ ಜಗಲಿಯಲ್ಲಿ ಒಬ್ಬ ಗೀಚಿದ್ದು ಬಂದು ಹೋಗುವವರಿಗೆಲ್ಲ ಕಾಣುತ್ತಿತ್ತು. ಹಾಗೆ ಒಬ್ಬ ಗೀಚಿದಾಗ ಹುಬ್ಬಳ್ಳಿಯವರು ಅವನ ಜಗಲಿಗೇ ಹೋಗಿ, "ನಿಮ್ಮ ಅವ್ವಗ ಇದನ್ನ ಓದಿ ಹೇಳಲೇನಪಾ?" ಅಂತ ಬರೆದು ಬಂದಿದ್ದರು. ಅವನು ಅಳಿಸಿ ಓಡಿದ. ಇನ್‌ಬಾಕ್ಸಿಗೆ ಬರುವ ಸಂದೇಶಕ್ಕೆ ಅಂಥ ಸಾಕ್ಷಿಗಳಿಲ್ಲ. ಪಡೆದವಳು ಒಬ್ಬಳೇ ಕೂತು ಓದಬೇಕು.

ನನ್ನ ಮಗಳು ಈಗ ರೆಡ್ಡಿಟ್‌ನಲ್ಲಿದ್ದಾಳೆ. ಕನ್ನಡ ಸಿನಿಮಾಗಳಿಗೆಂದೇ ಅಲ್ಲಿ ಗುಂಪಿದೆ. ಹೆಸರಿಲ್ಲ, ಮುಖವಿಲ್ಲ, ಎಳೆಗಳಿವೆ, ಮಾಡರೇಟರುಗಳಿದ್ದಾರೆ. "ಇದು ನಮ್ಮ ಆರ್ಕುಟ್ ಥರಾನೇ ಅಲ್ವೇನೇ?" ಅಂದೆ. "ಇಲ್ಲಮ್ಮ, ಇಲ್ಲಿ ಹಿಡಿಸದಿದ್ರೆ ಡೌನ್‌ವೋಟ್ ಮಾಡ್ತಾರೆ, ಕಾಣೋದೇ ಇಲ್ಲ" ಅಂದಳು. ಮಾತು ಬಹುಪಾಲು ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ ಓದಲು ಬರುತ್ತದೆ, ನಿಧಾನ.

ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಸಾರ್ವಜನಿಕ ಸಮುದಾಯಗಳ ಎಳೆಗಳನ್ನು ಗೂಗಲ್ ಕೆಲವು ವರ್ಷ ಓದಲು ಇಟ್ಟಿತ್ತು, ಆಮೇಲೆ ಅದನ್ನೂ ತೆಗೆಯಿತು. ಇದ್ದಾಗ ಒಂದು ಸಲವೂ ಹೋಗಿ ನೋಡಲಿಲ್ಲ. ನಮ್ಮದು ಗುಂಪಿನಲ್ಲಿ ಮಾತಾಡುತ್ತಲೇ ಇದ್ದೇವಲ್ಲ, ಹಳೆಯದು ಯಾಕೆ ಅನ್ನಿಸಿತ್ತು. ಅವರವರು ಬರೆದದ್ದನ್ನು ಅವರವರು ಇಳಿಸಿಕೊಳ್ಳಲು 2016ರವರೆಗೆ ಅವಕಾಶವಿತ್ತು. ಅಷ್ಟು ಮಾತ್ರ ಮಾಡಿದ್ದೆ. ಆ ಕಡತ ಹಳೆಯ ಹಾರ್ಡ್ ಡಿಸ್ಕಿನಲ್ಲಿತ್ತು, ಈ ಲೇಖನಕ್ಕಾಗಿ ಹೋದ ತಿಂಗಳು ತೆರೆದೆ. ಅದರಲ್ಲಿರುವುದು ನಾನು ಬರೆದ ಉತ್ತರಗಳು ಮಾತ್ರ. ಫೋನಿನಲ್ಲಿ ಮಾತಾಡುವವರ ಪಕ್ಕ ಕೂತು ಒಂದೇ ಕಡೆಯ ಮಾತು ಕೇಳಿದ ಹಾಗೆ.

2006ರ ಏಪ್ರಿಲ್ 12ರ ರಾತ್ರಿ ಹುಬ್ಬಳ್ಳಿಯವರು 'ಬಂಗಾರದ ಮನುಷ್ಯ'ದ ಬಗ್ಗೆ ಉದ್ದಕ್ಕೆ ಬರೆದಿದ್ದರು. ಸಿನಿಮಾ ನೋಡಿ ಅವರಪ್ಪ ಮಿಲ್ಲಿನ ಕೆಲಸ ಬಿಟ್ಟು ಹೊಲಕ್ಕೆ ಮರಳಿದ್ದು, ಎರಡು ಬರಗಾಲಕ್ಕೆ ಸೋತು ಮತ್ತೆ ಊರು ಬಿಟ್ಟದ್ದು. ಆ ಸಿನಿಮಾ ಜನರನ್ನು ಹಳ್ಳಿಗೆ ಕಳಿಸಿತು ಅಂತ ಎಲ್ಲರೂ ಹೇಳುತ್ತಾರೆ, ರಾಜೀವ ಕೊನೆಗೆ ಊರು ಬಿಟ್ಟು ಹೊರಟುಹೋಗುತ್ತಾನೆ ಅನ್ನುವುದನ್ನು ಯಾರೂ ಹೇಳುವುದಿಲ್ಲ, ನಾವೆಲ್ಲ ಹೊರನಾಡಿನವರು ಅವನು ನಡೆದು ಹೋದ ಆ ದಾರಿಯಲ್ಲಿದ್ದೇವೆ, ಅಂತ. ಇಷ್ಟು ನೆನಪಿದೆ. ಇನ್ನೂ ಏನೋ ಇತ್ತು, ಅದರ ಮೇಲೆ ನಾವಿಬ್ಬರೂ ಸೈಬರ್ ಕೆಫೆ ಮುಚ್ಚುವವರೆಗೆ ವಾದ ಮಾಡಿದ್ದೆವು. ಕಡತದಲ್ಲಿ ಆ ರಾತ್ರಿಯ ನನ್ನ ಕೊನೆಯ ಸಾಲು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿದೆ: "ನಿನ್ನ ಎರಡನೇ ಮಾತು ಒಪ್ತೀನಿ ಗುರು, ನಂಗೆ ಹೊಳೆದೇ ಇರ್ಲಿಲ್ಲ. ಮೊದಲನೇದು ಮಾತ್ರ ಸುತರಾಂ ಇಲ್ಲ."

ಎರಡನೆಯದು ಯಾವುದು, ಮೊದಲನೆಯದು ಯಾವುದು? ಆ ಎಳೆಯಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ಉಳಿಸಿಕೊಂಡಿದ್ದರೆ, ದಯವಿಟ್ಟು ಬರೆಯಿರಿ.